ಸ್ಟಾರ್‌ಕ್ರಾಫ್ಟ್: ಮೊದಲ ತಲೆಮಾರಿನ ವೃತ್ತಿಪರ ಆಟಗಾರರು

ಸ್ಟಾರ್‌ಕ್ರಾಫ್ಟ್‌ನ ಮೊದಲ ತಲೆಮಾರಿನ ವೃತ್ತಿಪರ ಆಟಗಾರರು ಎಂದರೆ, 1998ರಲ್ಲಿ ಬಿಡುಗಡೆಯಾದ ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಯುದ್ಧತಂತ್ರದ ಆಟವನ್ನು ಸುಮಾರು 2006ರವರೆಗೆ, ಮುಖ್ಯವಾಗಿ ದಕ್ಷಿಣ ಕೊರಿಯಾದಲ್ಲಿ, ಬಹುಮಾನ ಮತ್ತು ಸಂಬಳಕ್ಕಾಗಿ ಆಡಿ ಅದನ್ನು ಜೀವನೋಪಾಯದ ಮಟ್ಟಕ್ಕೆ ತಂದವರು. ಇಂದು ಇ-ಕ್ರೀಡೆ ಎಂದು ಕರೆಯುವ ವ್ಯವಸ್ಥೆಯ ಲೀಗ್, ತಂಡ, ತರಬೇತುದಾರ, ವೀಕ್ಷಕ ವಿವರಣೆ, ಅಭಿಮಾನಿ ಸಂಘಗಳೆಲ್ಲ ಬಹುಮಟ್ಟಿಗೆ ಇವರ ಕಾಲದಲ್ಲೇ ರೂಪುಗೊಂಡವು. ಲಿಮ್ ಯೋ-ಹ್ವಾನ್, ಹೊಂಗ್ ಜಿನ್-ಹೋ, ಲೀ ಯುನ್-ಯೋಲ್, ಪಾರ್ಕ್ ಜುಂಗ್-ಸೋಕ್, ಚೋಯ್ ಯೋನ್-ಸುಂಗ್, ಕಿಮ್ ದೋಂಗ್-ಸೂ, ಕಾಂಗ್ ಮಿನ್, ಕೆನಡಾದ ಗಿಯೋಮ್ ಪಾತ್ರಿ ಇವರಲ್ಲಿ ಪ್ರಮುಖರು.

‘ಮೊದಲ ತಲೆಮಾರು’ ಎಂಬುದರ ಕೊನೆಯ ಗಡಿಯನ್ನು ಎಲ್ಲರೂ ಒಂದೇ ಕಡೆ ಎಳೆಯುವುದಿಲ್ಲ. ಲಿಮ್ ಯೋ-ಹ್ವಾನ್ ಕಡ್ಡಾಯ ಸೈನಿಕ ಸೇವೆಗೆ ಸೇರಿದ್ದು 2006ರ ಅಕ್ಟೋಬರ್‌ನಲ್ಲಿ. 2007ರ ಮಾರ್ಚ್‌ನಲ್ಲಿ ಕಿಮ್ ತೇಕ್-ಯೋಂಗ್ ಎಂಬ ಹೊಸಬ ಆಗಿನ ಅಗ್ರ ಆಟಗಾರನನ್ನು 3–0ರಿಂದ ಸೋಲಿಸಿದಾಗ ಆಟದ ರೀತಿಯೇ ಬೇರೆಯಾಯಿತು. ಈ ಎರಡು ಘಟನೆಗಳ ನಡುವಣ ಅವಧಿಯನ್ನು ಇಲ್ಲಿ ಗಡಿಯಾಗಿ ಇಟ್ಟುಕೊಳ್ಳಲಾಗಿದೆ.

ಆಟದ ಸ್ವರೂಪ

ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆ 1998ರ ಮಾರ್ಚ್ 31ರಂದು ಸ್ಟಾರ್‌ಕ್ರಾಫ್ಟನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಕೊನೆಯಲ್ಲಿ ‘ಬ್ರೂಡ್ ವಾರ್’ ಎಂಬ ವಿಸ್ತರಣೆ ಬಂತು. ವೃತ್ತಿಪರರು ಆಡಿದ್ದು ಈ ವಿಸ್ತೃತ ರೂಪವನ್ನು. ಚದುರಂಗದಲ್ಲಿರುವ ಹಾಗೆ ಸರದಿಯ ನಡೆ ಇಲ್ಲಿಲ್ಲ. ಇಬ್ಬರೂ ಒಂದೇ ಹೊತ್ತಿನಲ್ಲಿ ಆಡುತ್ತಾರೆ, ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ. ಎದುರಾಳಿಯ ನೆಲೆ ಕತ್ತಲಲ್ಲಿರುತ್ತದೆ. ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಯಾರನ್ನಾದರೂ ಕಳಿಸಿ ನೋಡಬೇಕು.

ಆಟಗಾರ ಆರಿಸಿಕೊಳ್ಳಬಹುದಾದ ಕುಲಗಳು ಮೂರು. ಟೆರನ್ ಮನುಷ್ಯರದು: ಬಂದೂಕುಧಾರಿ ಮರೀನ್, ಗಾಯ ವಾಸಿಮಾಡುವ ಮೆಡಿಕ್, ನೆಲಕ್ಕೆ ಕಚ್ಚಿ ದೂರ ಗುಂಡುಹಾರಿಸುವ ಸೀಜ್ ಟ್ಯಾಂಕ್. ಝರ್ಗ್ ಹುಳುಗಳಂಥ ಜೀವಿಗಳ ಹಿಂಡು. ಅಗ್ಗ, ವೇಗ, ಸಂಖ್ಯಾಬಲ ಅದರ ಶಕ್ತಿ. ಪ್ರೋಟಾಸ್ ದುಬಾರಿಯಾದರೂ ಗಟ್ಟಿಮುಟ್ಟಾದ ಯೋಧರ ಕುಲ. ಮೂರೂ ಬೇರೆಬೇರೆ ನಿಯಮಗಳಿಂದ ನಡೆಯುತ್ತವೆ, ಆದರೂ ಒಂದಕ್ಕೊಂದು ಹೆಚ್ಚುಕಡಿಮೆ ಸರಿಸಮ. ಈ ಸಮತೋಲ ಆಟದ ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣ. 2001ರ 1.08ನೇ ಪರಿಷ್ಕರಣೆಯ ನಂತರ ಬ್ಲಿಝಾರ್ಡ್ ಬಲಾಬಲಗಳನ್ನು ಮುಟ್ಟಲಿಲ್ಲ. ಆ ಬಳಿಕ ತೂಕವನ್ನು ಸರಿದೂಗಿಸಿದ್ದು ಕೊರಿಯಾದ ನಕ್ಷೆ ತಯಾರಕರು: ಯಾವುದಾದರೊಂದು ಕುಲ ಮೇಲುಗೈ ಪಡೆಯತೊಡಗಿದರೆ ಮುಂದಿನ ಋತುವಿಗೆ ಬೇರೆ ರಣಭೂಮಿ ಬರುತ್ತಿತ್ತು.

ಪಂದ್ಯ ನಾಲ್ಕು ಕೆಲಸಗಾರರು ಮತ್ತು 50 ಘಟಕ ಖನಿಜದೊಂದಿಗೆ ಆರಂಭವಾಗುತ್ತದೆ. ಖನಿಜ ಮತ್ತು ಅನಿಲ ಅಗೆದು ಕಟ್ಟಡ ಕಟ್ಟಬೇಕು, ಸೈನ್ಯ ಬೆಳೆಸಬೇಕು, ಎದುರಾಳಿಯ ನೆಲೆಯನ್ನು ಕೆಡವಬೇಕು. ಸೈನ್ಯದ ಗಾತ್ರಕ್ಕೆ 200 ಘಟಕಗಳ ಮಿತಿಯಿದೆ. ಒಮ್ಮೆಗೆ ಹನ್ನೆರಡಕ್ಕಿಂತ ಹೆಚ್ಚು ಸೈನಿಕರನ್ನು ಆಯ್ದು ಆಜ್ಞೆ ಕೊಡಲಾಗದು. ಕಟ್ಟಡಗಳನ್ನಂತೂ ಒಂದೊಂದಾಗಿಯೇ ಒತ್ತಬೇಕು. ಹೀಗಾಗಿ ಯೋಚನೆಯಷ್ಟೇ ಬೆರಳಿನ ವೇಗವೂ ಬೇಕಾಯಿತು. ನಿಮಿಷಕ್ಕೆ 300ರ ಆಸುಪಾಸು ಆಜ್ಞೆಗಳು ವೃತ್ತಿಪರರಿಗೆ ಸಾಮಾನ್ಯ.

ಆಟಗಾರರ ಮಾತಿನಲ್ಲಿ ಕೌಶಲ ಎರಡು ಬಗೆ. ಕೈಯಲ್ಲಿರುವ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕಾದಾಡಿಸಿ ಹೆಚ್ಚು ಫಲ ತೆಗೆಯುವುದು ‘ಮೈಕ್ರೋ’. ಗಣಿ, ಕಟ್ಟಡ, ಉತ್ಪಾದನೆಗಳನ್ನು ಎಡೆಬಿಡದೆ ನಡೆಸಿ ಸೈನ್ಯ ಹಿರಿದಾಗಿಸುವುದು ‘ಮ್ಯಾಕ್ರೋ’. ಆರಂಭದಲ್ಲೇ ಧಾವಿಸಿ ಮುಗಿಸುವ ದಾಳಿಗೆ ‘ರಶ್’ ಎನ್ನುತ್ತಾರೆ. ಮೊದಲ ತಲೆಮಾರಿನ ಇತಿಹಾಸವೆಂದರೆ ಮೈಕ್ರೋದಿಂದ ಮ್ಯಾಕ್ರೋದ ಕಡೆಗೆ ಆಟ ಸರಿದ ಕಥೆ ಎಂದರೆ ಹೆಚ್ಚು ತಪ್ಪಾಗದು.

ಉಗಮ

1997ರ ಕೊನೆಯಲ್ಲಿ ಏಷ್ಯಾದ ಆರ್ಥಿಕ ಬಿಕ್ಕಟ್ಟು ಕೊರಿಯಾವನ್ನು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಒಯ್ದಿತು. ಕೆಲಸ ಕಳೆದುಕೊಂಡ ಹಲವರು ಉಳಿದ ಹಣವನ್ನು ‘ಪಿಸಿ ಬಾಂಗ್’ ಎಂಬ ಗಂಟೆ ಲೆಕ್ಕದ ಕಂಪ್ಯೂಟರ್ ಕೋಣೆಗಳಲ್ಲಿ ಹೂಡಿದರು. ಕೆಲಸವಿಲ್ಲದ ಯುವಕರಿಗೆ ಅಗ್ಗದಲ್ಲಿ ಹೊತ್ತು ಕಳೆಯುವ ಜಾಗ ಬೇಕಿತ್ತು. ಸರ್ಕಾರ ವೇಗದ ಅಂತರ್ಜಾಲದ ಮೇಲೆ ಹಣ ಸುರಿಯುತ್ತಿತ್ತು. 1998ರಲ್ಲಿ ಕೇಬಲ್ ಮೂಲಕ, 1999ರ ಏಪ್ರಿಲ್‌ನಲ್ಲಿ ಹನಾರೋ ಟೆಲಿಕಾಂ ಮೂಲಕ ದೂರವಾಣಿ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಮನೆಮನೆಗೆ ಬರತೊಡಗಿತು. ಸ್ಟಾರ್‌ಕ್ರಾಫ್ಟ್ ಬಿಡುಗಡೆಯಾದದ್ದು ಸರಿಯಾಗಿ ಈ ಹೊತ್ತಿಗೆ. ಜಗತ್ತಿನಾದ್ಯಂತ ಮಾರಾಟವಾದ ಪ್ರತಿಗಳಲ್ಲಿ ಬಹುದೊಡ್ಡ ಪಾಲು ಈ ಒಂದು ಪುಟ್ಟ ದೇಶದಲ್ಲೇ ಖರ್ಚಾಯಿತು.

ಬಡಾವಣೆಯ ಪಿಸಿ ಬಾಂಗ್‌ಗಳು ಗಿರಾಕಿಗಳನ್ನು ಸೆಳೆಯಲು ಸಣ್ಣ ಪಂದ್ಯಾವಳಿ ನಡೆಸಿದವು. ಅವುಗಳಲ್ಲಿ ಗೆದ್ದವರಿಗೆ ಊರಿನ ಹೆಸರು ಸಿಕ್ಕಿತು, ಕೆಲವರಿಗೆ ಪ್ರಾಯೋಜಕರೂ ಸಿಕ್ಕರು. 1998ರಲ್ಲಿ ಬ್ಲಿಝಾರ್ಡ್ ನಡೆಸಿದ ಅಂತರ್ಜಾಲ ಪಂದ್ಯಾವಳಿಯಲ್ಲಿ ಗೆದ್ದ ಶಿನ್ ಜು-ಯೋಂಗ್‌ನನ್ನು ಕೊರಿಯಾದ ಮೊದಲ ವೃತ್ತಿಪರ ಆಟಗಾರ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಆದರೆ ಮನೆಯಲ್ಲಿ ಟಿ.ವಿ. ನೋಡುವವರಿಗೆ ಮೊದಲು ಪರಿಚಯವಾದ ಮುಖ ‘ಸ್ಸಮ್‌ಜಾಂಗ್’ ಎಂಬ ಅಡ್ಡಹೆಸರಿನ ಲೀ ಗಿ-ಸೋಕ್‌ನದು: 1999ರಲ್ಲಿ ಆತ ಕೊರಿಯಾ ಟೆಲಿಕಾಂನ ಅಂತರ್ಜಾಲ ಸೇವೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡ.

1999ರಲ್ಲೇ ‘ಟೂನಿವರ್ಸ್’ ಎಂಬ ಮಕ್ಕಳ ವ್ಯಂಗ್ಯಚಿತ್ರ ವಾಹಿನಿ ಆಟವನ್ನು ಟಿ.ವಿ.ಗೆ ತಂದಿತು. ನಿರ್ಮಾಪಕ ಹ್ವಾಂಗ್ ಹ್ಯೋಂಗ್-ಜುನ್ ಆಯೋಜಿಸಿದ ಆ ಪ್ರಸಾರದ ಮೊದಲ ಪಂದ್ಯಾವಳಿಯನ್ನು ಚೋಯ್ ಜಿನ್-ವೂ ಗೆದ್ದ. ಪ್ರೇಕ್ಷಕರ ಉತ್ಸಾಹ ಕಂಡು 2000ದ ಜುಲೈನಲ್ಲಿ ಆಟಗಳಿಗೇ ಮೀಸಲಾದ ‘ಆನ್‌ಗೇಮ್‌ನೆಟ್’ ವಾಹಿನಿ ಹುಟ್ಟಿತು. ಕೊರಿಯಾದ ಇ-ಕ್ರೀಡೆ ಅನಂತರ ಪಡೆದ ಘನತೆಯ ಬಹುಪಾಲು ಈ ಒಂದು ನಿರ್ಧಾರದಿಂದ ಹರಿದು ಬಂದದ್ದು. ಪಿಸಿ ಬಾಂಗ್‌ಗಳಷ್ಟರಿಂದಲೇ ಅದು ಆಗುತ್ತಿರಲಿಲ್ಲ.

ಲೀಗ್ ಮತ್ತು ತಂಡಗಳ ರಚನೆ

ಪ್ರಮುಖ ವೈಯಕ್ತಿಕ ಲೀಗ್‌ಗಳು ಎರಡಿದ್ದವು. ಆನ್‌ಗೇಮ್‌ನೆಟ್ ಸ್ಟಾರ್‌ಲೀಗ್ ಹಳೆಯದು. ಎಂಬಿಸಿ ಗೇಮ್ ವಾಹಿನಿಯದು ಇನ್ನೊಂದು, ಮೊದಲು ಕೆಪಿಜಿಎ ಟೂರ್ ಎಂಬ ಹೆಸರಿನಲ್ಲಿ ನಡೆಯುತ್ತಿತ್ತು. ಪ್ರತಿ ಋತುವಿಗೆ ಪ್ರಾಯೋಜಕರ ಹೆಸರು ಅಂಟಿಕೊಳ್ಳುತ್ತಿತ್ತು: ಕೋಕಾ-ಕೋಲಾ, ಸ್ಕೈ, ಪ್ಯಾನಸೋನಿಕ್, ಒಲಿಂಪಸ್, ಜಿಲೆಟ್. ಹಳೆಯ ಅಭಿಮಾನಿಗಳು ಇಸವಿಗಿಂತ ಈ ಹೆಸರುಗಳಿಂದಲೇ ಪಂದ್ಯಗಳನ್ನು ಗುರುತಿಸುತ್ತಾರೆ. ಮೂರು ಬಾರಿ ಸ್ಟಾರ್‌ಲೀಗ್ ಗೆದ್ದವರಿಗೆ ‘ಚಿನ್ನದ ಮೌಸ್’ ಕೊಡುವ ಪದ್ಧತಿ ಬಂತು. 2006ರಲ್ಲಿ ಅದನ್ನು ಮೊದಲು ಪಡೆದವನು ಲೀ ಯುನ್-ಯೋಲ್.

2003ರಲ್ಲಿ ತಂಡಗಳ ನಡುವಣ ‘ಪ್ರೊಲೀಗ್’ ಆರಂಭವಾಯಿತು. ಮೊದಮೊದಲು ತಂಡವೆಂದರೆ ಒಂದು ಬಾಡಿಗೆ ಮನೆಯಲ್ಲಿ ಒಟ್ಟಿಗಿದ್ದು, ಒಟ್ಟಿಗೆ ಉಂಡು, ದಿನಕ್ಕೆ ಹತ್ತು–ಹನ್ನೆರಡು ಗಂಟೆ ಅಭ್ಯಾಸ ಮಾಡುವ ಹುಡುಗರ ಗುಂಪು. 2004ರ ಏಪ್ರಿಲ್‌ನಲ್ಲಿ ದೂರಸಂಪರ್ಕ ಕಂಪನಿ ಎಸ್‌ಕೆ ಟೆಲಿಕಾಂ, ಲಿಮ್ ಯೋ-ಹ್ವಾನ್‌ನ ತಂಡವನ್ನು ತನ್ನದಾಗಿಸಿಕೊಂಡು ‘ಟಿ1’ ಎಂದು ಹೆಸರಿಟ್ಟಿತು. ಸ್ಯಾಮ್‌ಸಂಗ್, ಕೆಟಿಎಫ್‌ನಂಥ ಕಂಪನಿಗಳ ತಂಡಗಳೂ ಕಣದಲ್ಲಿದ್ದವು. ಸಂಬಳ, ಒಪ್ಪಂದ, ಸಮವಸ್ತ್ರ, ತರಬೇತುದಾರ ಎಲ್ಲವೂ ಬಂದವು. ಕೊರಿಯಾ ಇ-ಕ್ರೀಡಾ ಸಂಘ ಆಟಗಾರರ ನೋಂದಣಿ, ಅರ್ಹತಾ ಪಂದ್ಯ, ತಂಡಗಳಿಗೆ ಹಂಚಿಕೆ ಇವನ್ನು ನೋಡಿಕೊಂಡಿತು. ಅರ್ಹತಾ ಪಂದ್ಯಾವಳಿ ಗೆಲ್ಲದೆ ಯಾರೂ ವೃತ್ತಿಪರ ಎನ್ನಿಸಿಕೊಳ್ಳುವಂತಿರಲಿಲ್ಲ.

2004ರ ಜುಲೈ 17ರಂದು ಬೂಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ಪ್ರೊಲೀಗ್ ಅಂತಿಮ ಪಂದ್ಯ ನಡೆಯಿತು. ಸುಮಾರು ಒಂದು ಲಕ್ಷ ಜನ ಸೇರಿದ್ದರು ಎಂಬ ಅಂದಾಜು ಇಂದಿಗೂ ಉಲ್ಲೇಖವಾಗುತ್ತದೆ. ಅಂದು ಗೆದ್ದದ್ದು ತಾರೆಗಳ ಟಿ1 ಅಲ್ಲ, ಹಣಬಲ ಕಡಿಮೆಯಿದ್ದ ಹನ್‌ಬಿತ್ ಸ್ಟಾರ್ಸ್.

ವಿವರಣಕಾರರ ಪಾತ್ರವೂ ದೊಡ್ಡದು. ಆನ್‌ಗೇಮ್‌ನೆಟ್‌ನ ಜೋನ್ ಯೋಂಗ್-ಜುನ್, ಓಮ್ ಜೇ-ಕ್ಯೋಂಗ್, ಕಿಮ್ ತೇ-ಹ್ಯೋಂಗ್ ತ್ರಯರು ವರ್ಷಗಟ್ಟಲೆ ಜೊತೆಯಾಗಿ ಮಾತಾಡಿದರು. ಓಮ್ ಮೂಲತಃ ಚಿತ್ರಕಥಾ ಪುಸ್ತಕಗಳ ಕತೆಗಾರ. ಆಟಗಾರರಿಗೆ ‘ಚಕ್ರವರ್ತಿ’, ‘ಬಿರುಗಾಳಿ’, ‘ವೀರ’, ‘ಸ್ವಪ್ನಗಾರ’ ಎಂಬಂಥ ಬಿರುದುಗಳು ಅಂಟಿ, ಒಂದು ಋತುವಿನ ಗೆಲುವು ಮುಂದಿನ ಋತುವಿನ ಕಥೆಗೆ ಹೊಂದಿಕೊಂಡದ್ದರಲ್ಲಿ ಆತನ ಕೈವಾಡ ಎದ್ದು ಕಾಣುತ್ತದೆ.

ಪ್ರಮುಖ ಆಟಗಾರರು

ಗಿಯೋಮ್ ಪಾತ್ರಿ. ಕೆನಡಾದ ಕ್ವಿಬೆಕ್ ಪ್ರಾಂತದವನು. 1999ರಲ್ಲಿ ಕೊರಿಯಾಕ್ಕೆ ಬಂದು ನೆಲೆಸಿದ. 2000ದ ಹನಾರೋ ಟೆಲಿಕಾಂ ಸ್ಟಾರ್‌ಲೀಗನ್ನು ಗೆದ್ದ. ಬ್ರೂಡ್ ವಾರ್ ಕಾಲದ ಸ್ಟಾರ್‌ಲೀಗ್‌ಗಳಲ್ಲಿ ಪ್ರಶಸ್ತಿ ಪಡೆದ ಏಕೈಕ ವಿದೇಶಿಯನಾಗಿ ಆತ ಉಳಿದ. ಅವನ ಕಾಲಕ್ಕೇ ಬಂದ ಫ್ರಾನ್ಸಿನ ಬರ್ಟ್ರಾಂಡ್ ಗ್ರೋಸ್ಪೆಲಿಯೆ ಮುಂದೆ ಪೋಕರ್ ಜಗತ್ತಿನಲ್ಲಿ ಇನ್ನೂ ದೊಡ್ಡ ಹೆಸರಾದ.

ಲಿಮ್ ಯೋ-ಹ್ವಾನ್. ಹುಟ್ಟಿದ್ದು 1980ರ ಸೆಪ್ಟೆಂಬರ್ 4ರಂದು, ಆಟದ ಹೆಸರು ‘ಬಾಕ್ಸರ್’. ಟೆರನ್ ದುರ್ಬಲ ಕುಲವೆಂದು ಬಹುಜನ ಕೈಬಿಟ್ಟಿದ್ದ ಹೊತ್ತಿನಲ್ಲಿ ಅದನ್ನು ಆರಿಸಿಕೊಂಡು 2001ರಲ್ಲಿ ಹನ್‌ಬಿತ್‌ಸಾಫ್ಟ್ ಮತ್ತು ಕೋಕಾ-ಕೋಲಾ ಸ್ಟಾರ್‌ಲೀಗ್‌ಗಳನ್ನು ಬೆನ್ನುಬೆನ್ನಿಗೆ ಗೆದ್ದ. ಅದೇ ವರ್ಷ ಸೋಲ್‌ನಲ್ಲಿ ನಡೆದ ವರ್ಲ್ಡ್ ಸೈಬರ್ ಗೇಮ್ಸ್‌ನಲ್ಲೂ, ಮರುವರ್ಷ ದೇಜೋನ್‌ನಲ್ಲೂ ಚಿನ್ನ ಪಡೆದ.

ಲಿಮ್‌ನ ಆಟದ ತಿರುಳು ಸಣ್ಣ ಪಡೆಯಿಂದ ದೊಡ್ಡ ಹಾನಿ ಮಾಡುವುದು. ಸೈನಿಕರನ್ನು ಡ್ರಾಪ್‌ಶಿಪ್ ಎಂಬ ಸಾಗಣೆ ವಿಮಾನದಲ್ಲಿ ತುಂಬಿ ಎದುರಾಳಿಯ ಬೆನ್ನಿಗೆ ಇಳಿಸುವುದು, ಅವನು ಅಲ್ಲಿಗೆ ಓಡಿ ಬರುವಷ್ಟರಲ್ಲಿ ಇನ್ನೊಂದು ಕಡೆ ಹೊಡೆಯುವುದು. ನೆಲದೊಳಗಿಂದ ಮುಳ್ಳು ಚಿಮ್ಮಿಸುವ ಝರ್ಗ್‌ನ ಲರ್ಕರ್‌ಗಳ ಎದುರು ಮರೀನ್‌ಗಳನ್ನು ಒಬ್ಬೊಬ್ಬರನ್ನಾಗಿ ಚದುರಿಸಿ ಮುನ್ನುಗ್ಗಿಸುವುದು. ಅಸಾಧ್ಯವೆಂದು ಕೈಬಿಟ್ಟಿದ್ದ ಕೆಲಸ ಇದು. 2003ರಲ್ಲಿ ‘ಪ್ಯಾರಡಾಕ್ಸ್’ ಎಂಬ ದ್ವೀಪ ನಕ್ಷೆಯಲ್ಲಿ ದೋ ಜಿನ್-ಗ್ವಾಂಗ್ ವಿರುದ್ಧ, ಸೋತಂತೆಯೇ ಇದ್ದ ಪಂದ್ಯವನ್ನು ತಿರುಗಿಸಿದ್ದು ಈ ಶೈಲಿಯ ಮಾದರಿಯಾಗಿ ಇಂದಿಗೂ ಚರ್ಚೆಯಾಗುತ್ತದೆ. ನಾಲ್ಕು ಬಾರಿ ಸ್ಟಾರ್‌ಲೀಗ್ ಅಂತಿಮದಲ್ಲಿ ಸೋತ: 2001, 2002, 2004, 2005. ಮೂರನೇ ಪ್ರಶಸ್ತಿ ಕೊನೆಗೂ ದಕ್ಕಲಿಲ್ಲ, ಹಾಗಾಗಿ ಚಿನ್ನದ ಮೌಸ್ ಕೂಡ ಇಲ್ಲ. ಆದರೂ ಅವನ ಅಭಿಮಾನಿ ಸಂಘದ ಸದಸ್ಯರ ಸಂಖ್ಯೆ ಆರು ಲಕ್ಷ ದಾಟಿತ್ತು. ಪ್ರಶಸ್ತಿಗಳ ಎಣಿಕೆಯಲ್ಲಿ ಅವನನ್ನು ಮೀರಿಸಿದವರು ಹಲವರಿದ್ದಾರೆ. ಪ್ರಭಾವದಲ್ಲಿ ಯಾರೂ ಇಲ್ಲ.

ಹೊಂಗ್ ಜಿನ್-ಹೋ. ಆಟದ ಹೆಸರು ‘ಯೆಲ್ಲೋ’, ಝರ್ಗ್ ಆಟಗಾರ. ಬಿಡುವು ಕೊಡದ ದಾಳಿಯಿಂದ ‘ಬಿರುಗಾಳಿ’ ಎಂದು ಹೆಸರಾದ. 2001ರ ಕೋಕಾ-ಕೋಲಾ ಅಂತಿಮದಲ್ಲಿ ಲಿಮ್ ಎದುರು, 2003ರ ಒಲಿಂಪಸ್ ಅಂತಿಮದಲ್ಲಿ ಸೋ ಜಿ-ಹೂನ್ ಎದುರು, ಎರಡೂ ಸಲ 2–3ರಿಂದ ಸೋತ. ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದನ್ನೂ ಗೆಲ್ಲದೆ ನಿವೃತ್ತನಾದ. ಲಿಮ್–ಹೊಂಗ್ ಮುಖಾಮುಖಿಗಳಿಗೆ ‘ಇಮ್‌ಜಿನ್‌ರೋಕ್’ ಎಂದು ಹೆಸರು. 1592ರ ಜಪಾನಿ ದಾಳಿಯನ್ನು ಕುರಿತ ಹಳೆಯ ಕೊರಿಯನ್ ಕಥಾನಕದ ಹೆಸರೇ ಅದು. ಈ ಸರಣಿಯಲ್ಲಿ ಹೆಚ್ಚು ವಿವಾದಕ್ಕೊಳಗಾದದ್ದು 2004ರ ನವೆಂಬರ್ 12ರ ಎವರ್ ಸ್ಟಾರ್‌ಲೀಗ್ ಉಪಾಂತ್ಯ. ಹೆಚ್ಚೆಂದರೆ ಐದು ಆಟಗಳ ಪಂದ್ಯದಲ್ಲಿ ಲಿಮ್ ಆಡಿದ ಮೂರೂ ಆಟಗಳಲ್ಲಿ ಒಂದೇ ತಂತ್ರ ಹೂಡಿದ: ಆರಂಭದಲ್ಲೇ ಕೆಲಸಗಾರರನ್ನು ಕಳಿಸಿ ಹೊಂಗ್‌ನ ನೆಲೆಯ ಬಳಿ ಬಂಕರ್ ಕಟ್ಟುವುದು. ನೋಡಲು ಕೂತವರು ಸರಿಯಾಗಿ ಕೂರುವ ಮುನ್ನವೇ 3–0. ನಿಯಮದಲ್ಲಿ ತಪ್ಪಿಲ್ಲದಿದ್ದರೂ ಅದು ಸರಿಯೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಸದಾ ಎರಡನೆಯವನು ಎಂಬ ಹಾಸ್ಯ ಹೊಂಗ್‌ಗೆ ಅಂಟಿ, ‘2’ ಎಂಬ ಅಂಕಿಯೇ ಅವನ ಗುರುತಾಯಿತು. ಗೆದ್ದ ಹಲವರಿಗಿಂತ ಈ ಸೋತವನ ಹೆಸರು ಹೆಚ್ಚು ಬಾಳಿತು ಎಂಬುದು ಗಮನಿಸತಕ್ಕ ಸಂಗತಿ.

ಲೀ ಯುನ್-ಯೋಲ್. ‘ನಾಡಾ’ ಎಂಬ ಹೆಸರಿನಲ್ಲಿ ಆಡಿದ ಟೆರನ್ ಆಟಗಾರ. 2002–03ರಲ್ಲಿ ಕೆಪಿಜಿಎ ಟೂರ್ ಮೂರು ಬಾರಿ ಸತತವಾಗಿ ಗೆದ್ದು, ಅದರ ಬೆನ್ನಿಗೇ ಪ್ಯಾನಸೋನಿಕ್ ಸ್ಟಾರ್‌ಲೀಗ್‌ನಲ್ಲಿ ಚೋ ಯೋಂಗ್-ಹೋನನ್ನು 3–0ರಿಂದ ಸೋಲಿಸಿದ. ಕೈಚಳಕ ಮತ್ತು ಉತ್ಪಾದನೆ ಎರಡನ್ನೂ ಸಮನಾಗಿ ಮಾಡಬಲ್ಲ ಮೊದಲಿಗ.

ಚೋಯ್ ಯೋನ್-ಸುಂಗ್. ಲಿಮ್ ಕರೆತಂದ ಅಭ್ಯಾಸದ ಜೊತೆಗಾರ. ಗುರುವಿನ ಶೈಲಿಗೆ ಸಂಪೂರ್ಣ ವಿರುದ್ಧವಾದದ್ದನ್ನು ಕಟ್ಟಿದ. ಆರಂಭದಲ್ಲೇ ಎರಡನೆಯ ಗಣಿ ತೆರೆಯುವ ಅಪಾಯ ಹೊತ್ತು, ಎದುರಾಳಿ ಊಹಿಸದಷ್ಟು ಬೇಗ ದೊಡ್ಡ ಸೈನ್ಯ ನಿಲ್ಲಿಸುತ್ತಿದ್ದ. ಇಷ್ಟು ಟ್ಯಾಂಕ್‌ಗಳು ಎಲ್ಲಿಂದ ಬಂದವು ಎಂಬ ಬೆರಗಿನಿಂದ ‘ಮೋಸಗಾರ ಟೆರನ್’ ಎಂಬ ಮೆಚ್ಚುಗೆಯ ಬಿರುದು ಹುಟ್ಟಿತು. 2003–04ರಲ್ಲಿ ಎಂಬಿಸಿ ಗೇಮ್ ಸ್ಟಾರ್‌ಲೀಗನ್ನು ಮೂರು ಬಾರಿ ಸತತವಾಗಿ ಗೆದ್ದ. 2004ರ ಎವರ್ ಸ್ಟಾರ್‌ಲೀಗ್ ಅಂತಿಮದಲ್ಲಿ ಗುರುವನ್ನೇ 3–2ರಿಂದ ಸೋಲಿಸಿದ. ಆಟ ಮೈಕ್ರೋದಿಂದ ಮ್ಯಾಕ್ರೋಗೆ ದಾಟಿದ್ದನ್ನು ಒಂದೇ ಪಂದ್ಯದಲ್ಲಿ ನೋಡಬೇಕೆಂದರೆ ಅದು ಇದೇ.

ಪ್ರೋಟಾಸ್ ಆಟಗಾರರು. ಕಿಮ್ ದೋಂಗ್-ಸೂ 2000 ಮತ್ತು 2001ರಲ್ಲಿ, ಪಾರ್ಕ್ ಜುಂಗ್-ಸೋಕ್ 2002ರಲ್ಲಿ, ಪಾರ್ಕ್ ಯೋಂಗ್-ವೂಕ್ 2003ರಲ್ಲಿ, ಓ ಯೋಂಗ್-ಜೋಂಗ್ 2005ರಲ್ಲಿ ಸ್ಟಾರ್‌ಲೀಗ್ ಗೆದ್ದರು. ಇವೆಲ್ಲ ವರ್ಷದ ಕೊನೆಭಾಗದ ಋತುಗಳಾದ್ದರಿಂದ ‘ಶರತ್ಕಾಲದ ಐತಿಹ್ಯ’ ಎಂಬ ನಂಬಿಕೆ ಬೆಳೆಯಿತು. ಅವುಗಳಲ್ಲಿ ಮೂರು ಅಂತಿಮಗಳಲ್ಲಿ ಸೋತವನು ಲಿಮ್. ಕಾಂಗ್ ಮಿನ್ 2003–04ರ ಹ್ಯಾನ್‌ಗೇಮ್ ಸ್ಟಾರ್‌ಲೀಗ್ ಗೆದ್ದ. ಹುಸಿ ಪ್ರತಿರೂಪಗಳನ್ನು ಸೃಷ್ಟಿಸಿ ಎದುರಾಳಿಯ ಗುಂಡುಗಳನ್ನು ವ್ಯರ್ಥಗೊಳಿಸಿ, ಅದೇ ಕ್ಷಣ ಇಡೀ ಸೈನ್ಯವನ್ನು ಶತ್ರುನೆಲೆಯ ನಡುವೆ ಇಳಿಸಿದ ಅವನ ಕಲ್ಪಕತೆ ‘ಸ್ವಪ್ನಗಾರ’ ಎಂಬ ಬಿರುದಿಗೆ ತಕ್ಕುದಾಗಿತ್ತು.

ಇತರರು. 2004ರ ಜಿಲೆಟ್ ಸ್ಟಾರ್‌ಲೀಗ್‌ನಲ್ಲಿ ಪಾರ್ಕ್ ಸುಂಗ್-ಜುನ್ ಗೆದ್ದಾಗ ಝರ್ಗ್‌ಗೆ ಮೊದಲ ಸ್ಟಾರ್‌ಲೀಗ್ ಪ್ರಶಸ್ತಿ ಬಂತು. ಮಹಿಳೆಯರಲ್ಲಿ ಟೆರನ್ ಆಡಿದ ಸೋ ಜಿ-ಸು ಹೆಸರಾದವಳು. ಆಟಗಾರ್ತಿಯಾಗಿದ್ದ ಕಿಮ್ ಗಾ-ಉಲ್ ಸ್ಯಾಮ್‌ಸಂಗ್ ಖಾನ್ ತಂಡದ ತರಬೇತುದಾರಳಾಗಿ 2007 ಮತ್ತು 2008ರಲ್ಲಿ ಪ್ರೊಲೀಗ್ ಗೆಲ್ಲಿಸಿದಳು. ಲಿಮ್, ಹೊಂಗ್, ಲೀ ಯುನ್-ಯೋಲ್, ಪಾರ್ಕ್ ಜುಂಗ್-ಸೋಕ್ ಈ ನಾಲ್ವರನ್ನು ‘ನಾಲ್ಕು ದಿಕ್ಪಾಲಕರು’ ಎಂಬ ಅರ್ಥದ ಹೆಸರಿನಿಂದ ಒಟ್ಟಾಗಿ ಕರೆಯುವುದು ರೂಢಿ.

ಅವನತಿ

ಎರಡು ಪೆಟ್ಟುಗಳು ಒಟ್ಟಿಗೆ ಬಿದ್ದವು. 2010ರಲ್ಲಿ ಬೆಟ್ಟಿಂಗ್ ದಂಧೆಗಾಗಿ ಪಂದ್ಯ ಸೋತುಕೊಟ್ಟ ಪ್ರಕರಣ ಬಯಲಾಯಿತು. ಹಿಂದೆ ಅಗ್ರಸ್ಥಾನದಲ್ಲಿದ್ದ ಮಾ ಜೇ-ಯುನ್ ಸೇರಿ ಹನ್ನೊಂದು ಆಟಗಾರರಿಗೆ ಆಜೀವ ನಿಷೇಧ ವಿಧಿಸಲಾಯಿತು. 2007ರಲ್ಲಿ ಕಿಮ್ ತೇಕ್-ಯೋಂಗ್‌ಗೆ ಸೋತ ಅಗ್ರ ಆಟಗಾರ ಈತನೇ. ಅದೇ 2010ರ ಜುಲೈ 27ರಂದು ಸ್ಟಾರ್‌ಕ್ರಾಫ್ಟ್ 2 ಬಿಡುಗಡೆಯಾಯಿತು. ಪ್ರಸಾರದ ಹಕ್ಕು ಯಾರದು ಎಂಬ ವಿಷಯದಲ್ಲಿ ಬ್ಲಿಝಾರ್ಡ್‌ಗೂ ಕೊರಿಯಾ ಸಂಘಕ್ಕೂ ನಡೆದ ಜಗಳ 2011ರ ಮೇವರೆಗೆ ಎಳೆಯಿತು. ಎಂಬಿಸಿ ಗೇಮ್ 2012ರ ಆರಂಭದಲ್ಲಿ ಮುಚ್ಚಿತು. 2012ರ ಆಗಸ್ಟ್ 4ರಂದು ಹೋ ಯೋಂಗ್-ಮೂ, ಜೋಂಗ್ ಮ್ಯೋಂಗ್-ಹೂನನ್ನು 3–1ರಿಂದ ಸೋಲಿಸಿದ್ದು ಬ್ರೂಡ್ ವಾರ್‌ನ ಕೊನೆಯ ಆನ್‌ಗೇಮ್‌ನೆಟ್ ಸ್ಟಾರ್‌ಲೀಗ್ ಅಂತಿಮ ಪಂದ್ಯ.

ಮೊದಲ ತಲೆಮಾರಿನವರು ಅಷ್ಟರಲ್ಲಿ ಬೇರೆಬೇರೆ ಕಡೆ ಹೋಗಿದ್ದರು. ಕಡ್ಡಾಯ ಸೈನಿಕ ಸೇವೆಯಲ್ಲೂ ಆಡಲು ಅನುಕೂಲವಾಗುವಂತೆ ವಾಯುಪಡೆ 2007ರಲ್ಲಿ ‘ಏಸ್’ ಎಂಬ ತಂಡವನ್ನೇ ಕಟ್ಟಿತ್ತು, ಲಿಮ್ ಅದರಲ್ಲಿದ್ದ. ಬಳಿಕ ಆತ ಸ್ಟಾರ್‌ಕ್ರಾಫ್ಟ್ 2 ಆಡಿ, ಟಿ1ಗೆ ತರಬೇತುದಾರನಾಗಿ ಮರಳಿ, ಪೋಕರ್‌ಗೆ ಹೊರಳಿದ. ಪಾರ್ಕ್ ಜುಂಗ್-ಸೋಕ್ ಲೀಗ್ ಆಫ್ ಲೆಜೆಂಡ್ಸ್ ಆಟದ ನಾಜಿನ್ ತಂಡಕ್ಕೆ ತರಬೇತಿ ಕೊಟ್ಟ. ಕಾಂಗ್ ಮಿನ್, ಕಿಮ್ ದೋಂಗ್-ಸೂ ವಿವರಣಕಾರರಾದರು. ಹೊಂಗ್ 2013ರಲ್ಲಿ ‘ದ ಜೀನಿಯಸ್’ ಎಂಬ ಬುದ್ಧಿಸ್ಪರ್ಧೆಯ ಟಿ.ವಿ. ಸರಣಿಯ ಮೊದಲ ಆವೃತ್ತಿ ಗೆದ್ದ. ಪಾತ್ರಿ ಕೊರಿಯಾದಲ್ಲೇ ಉಳಿದು ಟಿ.ವಿ. ಮುಖವಾದ.

ಸ್ಮರಣೆಯ ಸಾಧನಗಳು

ಈ ಆಟಗಾರರ ನೆನಪು ಉಳಿದದ್ದು ತಾನಾಗಿಯೇ ಅಲ್ಲ. ಅದಕ್ಕೆ ಮೊದಲ ಆಧಾರ ಟಿ.ವಿ. ಪ್ರಸಾರದ ದಾಖಲೆಗಳು. ಎರಡನೆಯದು 2001ರ ಪರಿಷ್ಕರಣೆಯಲ್ಲಿ ಬಂದ ‘ರಿಪ್ಲೇ’ ಕಡತ. ಅದು ದೃಶ್ಯವನ್ನು ಹಿಡಿದಿಡುವುದಿಲ್ಲ; ಇಬ್ಬರೂ ಕೊಟ್ಟ ಆಜ್ಞೆಗಳನ್ನು ಕಾಲಾನುಕ್ರಮದಲ್ಲಿ ಬರೆದಿಡುತ್ತದೆ, ಆಟದ ತಂತ್ರಾಂಶ ಅದನ್ನೋದಿ ಪಂದ್ಯವನ್ನು ಮತ್ತೆ ಆಡಿ ತೋರಿಸುತ್ತದೆ. ಕಡತ ತೀರ ಚಿಕ್ಕದು. ಆಗಿನ ನಿಧಾನಗತಿಯ ಅಂತರ್ಜಾಲದಲ್ಲೂ ಹಂಚಿಕೊಳ್ಳಬಹುದಿತ್ತು. ಒಬ್ಬ ಆಟಗಾರ ಯಾವ ಕ್ಷಣದಲ್ಲಿ ಏನನ್ನು ಒತ್ತಿದ ಎಂಬುದರವರೆಗೆ ಇಲ್ಲಿ ಪರಿಶೀಲನೆ ಸಾಧ್ಯ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ವಿದ್ಯಾರ್ಥಿಗಳೇ ನಡೆಸಿದ ಸ್ಟಾರ್‌ಕ್ರಾಫ್ಟ್ ತರಗತಿಗಳು ಇಂಥ ಅಧ್ಯಯನದ ಒಂದು ಫಲ.

2017ರ ಜುಲೈ 30ರಂದು, ಪರಿಷ್ಕೃತ ಚಿತ್ರಗಳೊಂದಿಗೆ ಮೂಲ ಆಟವನ್ನು ಮರುಬಿಡುಗಡೆ ಮಾಡುವ ಮುನ್ನ, ಬ್ಲಿಝಾರ್ಡ್ ಅದೇ ಗ್ವಾಂಗಲ್ಲಿ ತೀರದಲ್ಲಿ ಹಳಬರನ್ನು ಸೇರಿಸಿತು. ಪಾತ್ರಿ, ಲಿಮ್, ಹೊಂಗ್, ಲೀ ಯುನ್-ಯೋಲ್, ಪಾರ್ಕ್ ಜುಂಗ್-ಸೋಕ್ ಮತ್ತೆ ಆಡಿದರು. 2018ರಲ್ಲಿ ಸೋಲ್‌ನ ಸಂಗಾಮ್-ದೋಂಗ್‌ನಲ್ಲಿ ಇ-ಕ್ರೀಡಾ ಗೌರವ ಭವನ ತೆರೆಯಿತು. ಲಿಮ್ ಮತ್ತು ಹೊಂಗ್ ಅಲ್ಲಿ ಸ್ಥಾನ ಪಡೆದಿದ್ದಾರೆ. 2016ರಲ್ಲಿ ಆರಂಭವಾದ ಅಫ್ರೀಕಾ ಸ್ಟಾರ್‌ಲೀಗ್‌ನಿಂದ ಬ್ರೂಡ್ ವಾರ್ ಸ್ಪರ್ಧೆಗೆ ಮತ್ತೆ ಜೀವ ಬಂತು. ಎರಡನೆಯ ತಲೆಮಾರಿನ ಹಲವರು ಅದರಲ್ಲಿ ಆಡಿದ್ದಾರೆ.

ಕರ್ನಾಟಕದ ಹಿನ್ನೆಲೆ

ಕೊರಿಯಾದ ಈ ಕಥೆಯ ಪಕ್ಕದಲ್ಲಿ ಕರ್ನಾಟಕವನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆ ಬಂದದ್ದು 1995ರ ಆಗಸ್ಟ್ 15ರಂದು. 1996ರ ಜುಲೈನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕೆಫೆ ಕಾಫಿ ಡೇಯ ಮೊದಲ ಮಳಿಗೆ, ಕಾಫಿಯೊಂದಿಗೆ ಅಂತರ್ಜಾಲವನ್ನೂ ಕೊಡುವ ಸೈಬರ್ ಕೆಫೆಯಾಗಿತ್ತು. 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಧ್ರುವ ಇಂಟರ್‌ಆ್ಯಕ್ಟಿವ್, ದೇಶದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದು, ಇದೇ ಊರಿನದು. ಅಂದರೆ ಪಿಸಿ ಬಾಂಗ್‌ಗೆ ಸಮನಾದ ಅಂಗಡಿಯೂ, ಕಂಪ್ಯೂಟರ್ ಬಲ್ಲ ಯುವಕರೂ ಕೊರಿಯಾದ ಕಾಲಕ್ಕೇ ಇಲ್ಲಿದ್ದರು. ಇಲ್ಲದಿದ್ದದ್ದು ವೇಗ ಮತ್ತು ಪ್ರಸಾರ. 2004ರ ರಾಷ್ಟ್ರೀಯ ನೀತಿ ಬ್ರಾಡ್‌ಬ್ಯಾಂಡ್ ಎಂದು ಕರೆದದ್ದೇ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು. ಪಂದ್ಯಗಳನ್ನು ದಿನವೂ ತೋರಿಸುವ ವಾಹಿನಿಯಂತೂ ಹುಟ್ಟಲಿಲ್ಲ.

ಹಾಗಾಗಿ ಇಲ್ಲಿ, ಉದಾಹರಣೆಗೆ ಉತ್ತರ ಬೆಂಗಳೂರಿನಲ್ಲಿ, ಸ್ಪರ್ಧಾತ್ಮಕ ಆಟ ಅಂತರ್ಜಾಲಕ್ಕಿಂತ ಲ್ಯಾನ್ ಮೇಲೆ, ಅಂದರೆ ಒಂದೇ ಕೋಣೆಯ ಯಂತ್ರಗಳನ್ನು ತಂತಿಯಿಂದ ಜೋಡಿಸಿ ಬೆಳೆಯಿತು. ಆರ್.ಟಿ. ನಗರ, ಯಶವಂತಪುರ, ಮತ್ತಿಕೆರೆ ಕಡೆಯ ಬಡಾವಣೆಗಳ ಸೈಬರ್‌ಗಳು ಒಂದು ನೆಲೆ. ಮತ್ತಿಕೆರೆಯ ರಾಮಯ್ಯ, ಯಲಹಂಕದ ನಿಟ್ಟೆ ಮೀನಾಕ್ಷಿ ಮತ್ತು ಬಿಎಂಎಸ್, ಹುಣಸಮಾರನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಕಾಲೇಜುಗಳಂಥ ಸಂಸ್ಥೆಗಳ ವಿದ್ಯಾರ್ಥಿವಲಯ ಇನ್ನೊಂದು. ಅಲ್ಲಿ ಓಡಿದ ಆಟಗಳು ಹೆಚ್ಚಾಗಿ ಕೌಂಟರ್-ಸ್ಟ್ರೈಕ್, ಏಜ್ ಆಫ್ ಎಂಪೈರ್ಸ್ 2 ಮತ್ತು ಡೋಟಾ. ಸ್ಟಾರ್‌ಕ್ರಾಫ್ಟ್ ಆಡುವವರು ವಿರಳ. ಪಂದ್ಯ ಮುಗಿದ ಮೇಲೆ ಯಂತ್ರ ಆರಿಸಿದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಕೊರಿಯಾದ ಪಂದ್ಯಗಳಿಗೆ ದಿನಾಂಕ, ಅಂಕ, ನಕ್ಷೆಯ ಹೆಸರು ಇರುವಂತೆ ಇಲ್ಲಿನ ಮೊದಲಿಗರಿಗೆ ಏನೂ ಉಳಿಯದ್ದಕ್ಕೆ ಇದೇ ಕಾರಣ. ಆಟದ ಮಟ್ಟ ಕೆಳಗಿತ್ತೆಂದಲ್ಲ.

ಡೋಟಾದ ಮೂಲ ಸ್ಟಾರ್‌ಕ್ರಾಫ್ಟ್‌ನಲ್ಲೇ ಇದೆ. ಸ್ಟಾರ್‌ಕ್ರಾಫ್ಟ್‌ಗೆ ಹವ್ಯಾಸಿಯೊಬ್ಬ ತಯಾರಿಸಿದ ‘ಇಯಾನ್ ಆಫ್ ಸ್ಟ್ರೈಫ್’ ಎಂಬ ನಕ್ಷೆಯ ಕಲ್ಪನೆ ವಾರ್‌ಕ್ರಾಫ್ಟ್ 3ಕ್ಕೆ ಹೋಗಿ ಡೋಟಾ ಆಯಿತು. ಭಾರತಕ್ಕೆ ಈ ಪ್ರಕಾರದಲ್ಲಿ ಗಮನಾರ್ಹ ಪದಕ ಬಂದದ್ದು ಆ ವಂಶದ ಆಟದಿಂದಲೇ: 2022ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಕ್ರೀಡಾ ಚಾಂಪಿಯನ್‌ಷಿಪ್‌ನಲ್ಲಿ ಮೊಯಿನ್ ಎಜಾಝ್ ನಾಯಕತ್ವದ ಡೋಟಾ 2 ತಂಡ ನ್ಯೂಜಿಲೆಂಡನ್ನು 2–0ರಿಂದ ಸೋಲಿಸಿ ಕಂಚು ಪಡೆಯಿತು. ಅದಕ್ಕೂ ಮುಂಚೆ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಪ್ರದರ್ಶನ ಸ್ಪರ್ಧೆಯಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಎಂಬ ಇಸ್ಪೀಟು ಮಾದರಿಯ ತಂತ್ರದ ಆಟದಲ್ಲಿ ಕಂಚು ಗೆದ್ದಿದ್ದ.

ಸದ್ಯದ ಸ್ಥಿತಿ

ಕರ್ನಾಟಕ ಸರ್ಕಾರ 2012ರಲ್ಲಿ ಆ್ಯನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದಿತು. ಅದರ ಗುರಿ ಆಟ ತಯಾರಿಸುವವರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಆ ತೀರ್ಪು ಬರುವವರೆಗೆ ಪ್ರವೇಶ ಶುಲ್ಕವಿರುವ ಕೌಶಲದ ಪಂದ್ಯಾವಳಿಗೂ ಜೂಜಿಗೂ ನಡುವಣ ಗೆರೆ ರಾಜ್ಯದಲ್ಲಿ ಮಸುಕಾಗಿತ್ತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಕ್ರೀಡೆಯನ್ನು ಬಹುಕ್ರೀಡಾ ಕೂಟಗಳ ಭಾಗವೆಂದು ಗುರುತಿಸಿ ಯುವಜನ ಮತ್ತು ಕ್ರೀಡಾ ಸಚಿವಾಲಯದ ಸುಪರ್ದಿಗೆ ಒಪ್ಪಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಯನ್ನು ಅವುಗಳಿಂದ ಬೇರೆಯಾದ ವರ್ಗವೆಂದು ವ್ಯಾಖ್ಯಾನಿಸುತ್ತದೆ.